ಗೆರೆಯಾಚೆಯ ಗುರುತು

ಎರಡು ಸಾವಿರದ ಹತ್ತೊಂಬತ್ತು, ಜೂನ್ ಹದಿನಾರು, ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ, ಟೆನಿಸ್ ಕ್ಲಬ್ಬಿನ ಗೋಡೆ ಗಡಿಯಾರದಲ್ಲಿ ಮೂರು ನಲವತ್ತಾರು, ಅದು ಆರು ನಿಮಿಷ ಮುಂದೆ, ನಾನು ಒಂಬತ್ತು ವರ್ಷದವನಾಗಿ ಮೊದಲ ಸಲ ಈ ಗೇಟು ದಾಟಿದಾಗಲೂ ಆರು ನಿಮಿಷ ಮುಂದೆಯೇ ಇತ್ತು, ಯಾರೂ ತಿದ್ದಲಿಲ್ಲ, ರೊವಾನ್ ಊರಿನಲ್ಲಿ ತಪ್ಪನ್ನು ಯಾರೂ ತಿದ್ದುವುದಿಲ್ಲ, ಮನಸ್ಸಿನಲ್ಲೇ ಆರು ಕಳೆದುಕೊಂಡು ಬದುಕುತ್ತಾರೆ — ಗಡಿಯಾರದ ಕೆಳಗೆ ಆ ಬಟ್ಟೆಯ ಪಟ ಗಾಳಿಗೆ ಉಬ್ಬುತ್ತದೆ, ಇಳಿಯುತ್ತದೆ, ನಾಲ್ಕು ಮೀಟರ್ ಎತ್ತರ, ಅದರಲ್ಲಿ ನಾನು, ಇಪ್ಪತ್ತಾರು ವರ್ಷದ ನಾನು, ತಲೆ ತಗ್ಗಿಸಿ ಬಲಗಾಲಿನ ಬೂಟಿನಿಂದ ಕೆಂಪು ನೆಲವನ್ನು ಸವರುತ್ತಿರುವ ನಾನು, ಎಲ್ಲವೂ ನಿಜಕ್ಕಿಂತ ಎರಡರಷ್ಟು ದೊಡ್ಡದು, ಮುದ್ರಣದವನು ಹಾಗೆಂದು ಹೆಮ್ಮೆಯಿಂದ ಹೇಳಿದ, ಸರಿಯಾಗಿ ಎರಡರಷ್ಟು ಮೊಸ್ಯೂ ಪೆರಾಶೋನ್, ನಿಮ್ಮ ಮೂಗೂ ಎರಡರಷ್ಟು. ಮುಖ ನೋಡಿದರೆ ಚರ್ಚಿನ ಕಿಟಕಿಯ ಗಾಜಿನಲ್ಲಿರುವ ಸಂತನ ಹಾಗಿದೆ ಎನ್ನುತ್ತಾರೆ, ಅದು ಸಂತತನವಲ್ಲ, ಮೂರು ಗಂಟೆ ನಲವತ್ತು ನಿಮಿಷ ಆಡಿದವನ ಸುಸ್ತು, ತುಟಿ ಒಣಗಿದೆ ಅಷ್ಟೇ, ಆದರೆ ಯಾರೂ ತುಟಿ ನೋಡುವುದಿಲ್ಲ, ಬೂಟು ನೋಡುತ್ತಾರೆ, ಬೂಟಿನ ಪಕ್ಕದಲ್ಲಿ ಬಿಳಿ ಗೆರೆ, ಗೆರೆಯ ಆಚೆಗೆ ಅದು, ಮೊಟ್ಟೆಯಾಕಾರದ ಅದು, ಪಟದಲ್ಲಿ ಈಗ ಕಾಫಿ ಬಟ್ಟಲಿನ ತಟ್ಟೆಯಷ್ಟು ದೊಡ್ಡದಾಗಿ ಬಿದ್ದಿರುವ ಅದು, ಅದನ್ನಂತೂ ಯಾರೂ ನೋಡುವುದಿಲ್ಲ, ಹದಿನೆಂಟು ವರ್ಷದಿಂದ ಒಬ್ಬನೇ ಒಬ್ಬ ನೋಡಿಲ್ಲ. ಗಾಳಿ ಬಂತು, ಉಬ್ಬಿತು, ಅದೂ ಉಬ್ಬಿತು.

ಲೂದೊ, ಇಲ್ಲಿ ಬಾಪ್ಪ, ಇವರು ಲಿಯೋನ್‌ನಿಂದ ಬಂದಿದಾರೆ, ಟೀವಿಯವರು — ಮದಾಮ್ ದ್ಯೂಪೆರೆ ನನ್ನ ಮೊಣಕೈ ಹಿಡಿದು ಎಳೆಯುತ್ತಾಳೆ, ಕ್ಲಬ್ಬಿನ ಅಧ್ಯಕ್ಷೆ, ವಾರದ ದಿನಗಳಲ್ಲಿ ಸೇತುವೆ ಪಕ್ಕದ ಔಷಧಿ ಅಂಗಡಿಯವಳು, ಮಾತ್ರೆ ಕೊಡುವ ಧಾಟಿಯಲ್ಲೇ ಎಲ್ಲವನ್ನೂ ಕೊಡುತ್ತಾಳೆ, ಊಟಕ್ಕೆ ಮುಂಚೆ ಭಾಷಣ, ಊಟವಾದ ಮೇಲೆ ಫಲಕ, ಇದನ್ನು ನುಂಗು. ಮೇಜಿನ ಮೇಲೆ ಸಾಸೇಜು ಹುದುಗಿಸಿದ ಬ್ರಿಯೋಶ್ ಬ್ರೆಡ್ಡು, ಗುಲಾಬಿ ಸಕ್ಕರೆಬಾದಾಮಿಯ ಬ್ರಿಯೋಶ್, ತಣ್ಣಗಿನ ವೈನು, ಮಕ್ಕಳೆಲ್ಲ ಒಂದೇ ಅಂಗಿ ತೊಟ್ಟಿದ್ದಾರೆ, ಎದೆಯ ಮೇಲೆ ನನ್ನ ಬೂಟು. ಹಳದಿ ಮೈಕಿನ ಹುಡುಗಿ ಕೇಳುತ್ತಾಳೆ, ನಮ್ಮ ಅಜ್ಜಿಗೆ ನಿಮ್ಮ ಮೇಲೆ ಪ್ರಾಣ, ಗೊತ್ತಾ, ಫ್ರಿಜ್ ಮೇಲೆ ನಿಮ್ಮ ಫೋಟೋ ಅಂಟಿಸ್ಕೊಂಡಿದಾರೆ — ಗೊತ್ತು, ಎಲ್ಲರ ಅಜ್ಜಿಯೂ ಅಂಟಿಸಿಕೊಂಡಿದ್ದಾಳೆ. ನಾನು ಜಗತ್ತಿನಲ್ಲಿ ಇಪ್ಪತ್ತೇಳನೆಯವನಾಗಿದ್ದೆ, ಒಂದು ಸಲ ಮೊರಾಕ್ಕೊದಲ್ಲಿ, ಒಂದು ಸಲ ಆಸ್ಟ್ರಿಯಾದ ಬೆಟ್ಟದೂರಿನಲ್ಲಿ ಬಹುಮಾನ ಎತ್ತಿದೆ, ಆಸ್ಟ್ರಿಯಾದಲ್ಲಿ ಐದನೆಯ ಸೆಟ್ಟಿನಲ್ಲಿ ಸೊನ್ನೆ ನಾಲ್ಕರಿಂದ ಎದ್ದು ಬಂದು ಗೆದ್ದೆ, ಒಂದೇ ಕೈಯ ಬ್ಯಾಕ್‌ಹ್ಯಾಂಡು, ಅದನ್ನು ಕಟ್ಟಲು ಏಳು ವರ್ಷ, ದಿನಕ್ಕೆ ಆರುನೂರು ಹೊಡೆತ, ಹಳೆಯ ಆಟಗಾರರು ಸಿಕ್ಕಾಗ ಅದರ ಮಾತೆತ್ತುತ್ತಾರೆ, ಹಳೆಯ ಆಟಗಾರರು ಎಷ್ಟು ಮಂದಿ, ಹನ್ನೆರಡು. ಉಳಿದ ಆರೂವರೆ ಕೋಟಿ ಜನಕ್ಕೆ ನನ್ನ ಕೈಗಳೇ ಇಲ್ಲ, ಕಾಲು ಮಾತ್ರ. ಒಂದು ವರ್ಷ ಪತ್ರಿಕೆಯೊಂದು ಓದುಗರನ್ನು ಕೇಳಿತು, ನಿಮಗೆ ಅತಿ ಪ್ರಿಯನಾದ ಆಟಗಾರ ಯಾರು, ನಾನು ಮೂರನೆಯವ, ನನಗಿಂತ ಕೆಳಗೆ ಪ್ಯಾರಿಸ್ ಗೆದ್ದವರು, ಲೋಕವನ್ನೇ ಗೆದ್ದವರು, ಸೈಕಲ್ಲಿನಲ್ಲಿ ಆಲ್ಪ್ಸ್ ಹತ್ತಿದವರು, ಅವರೆಲ್ಲರ ಮೇಲೆ ಕ್ವಾರ್ಟರ್ ಫೈನಲ್ ಸೋತ ನಾನು. ಗೆದ್ದವನಿಗೆ ನಾವು ಟೋಪಿ ತೆಗೆಯುತ್ತೇವೆ, ಸೋತವನನ್ನು ಭಾನುವಾರದ ಊಟಕ್ಕೆ ಕರೆಯುತ್ತೇವೆ, ನಮ್ಮ ದೇಶವೇ ಹಾಗೆ. ಬಟ್ಟೆ ಒಗೆಯುವ ಪುಡಿಯವರು ಜಾಹೀರಾತಿಗೆ ಬಂದರು, ಕಲೆ ಎಷ್ಟೇ ಹಟಮಾರಿಯಾಗಿರಲಿ ಲೂದೊ ಅಳಿಸ್ತಾನೆ, ನಾನು ಬಿಳಿ ಮೇಜುಬಟ್ಟೆಯ ಮೇಲೆ ಕಾಲು ಸವರಿ ನಕ್ಕೆ, ಹದಿನಾಲ್ಕು ಸಲ ನಕ್ಕೆ, ಹದಿನಾಲ್ಕನೆಯದನ್ನು ಇಟ್ಟುಕೊಂಡರು. ಶಾಲೆಯ ನೀತಿಪಾಠದಲ್ಲಿ ನಾನಿದ್ದೇನೆ, ಒಮ್ಮೆ ರೈಲಿನಲ್ಲಿ ತಾಯಿಯೊಬ್ಬಳು ಮಗಳಿಗೆ ಗದರಿದ್ದು ಕೇಳಿದೆ, ಚಾಕಲೇಟು ನೀನೇ ತಿಂದಿದ್ದಾದ್ರೆ ಒಪ್ಕೊ, ಲೂದೊ ಥರ ಒಪ್ಕೊ, ನಾನು ಎದುರಿನ ಸೀಟಿನಲ್ಲಿ ಪತ್ರಿಕೆ ಅಡ್ಡ ಹಿಡಿದು ಕೂತಿದ್ದೆ, ಆ ಹುಡುಗಿ ಅಳುತ್ತ ಒಪ್ಪಿಕೊಂಡಳು, ನಾನು ಪತ್ರಿಕೆ ಇಳಿಸಲಿಲ್ಲ.

ಒಪ್ಪಿಕೊಳ್ಳುವುದು — ಏನನ್ನು ಒಪ್ಪಿಕೊಂಡೆ ನಾನು, ಏನೂ ಇಲ್ಲ, ಮಂಗಳವಾರ, ಜೂನ್ ಐದು, ಎರಡು ಸಾವಿರದ ಒಂದು, ಪ್ಯಾರಿಸ್, ಎರಡು ಸೆಟ್ ನನಗೆ ಒಂದು ಅವನಿಗೆ, ನಾಲ್ಕನೆಯದರಲ್ಲಿ ಐದು ನಾಲ್ಕು, ನನ್ನ ಸರ್ವ್, ನಲವತ್ತು ಮೂವತ್ತು, ಮ್ಯಾಚ್ ಪಾಯಿಂಟ್. ಎದುರಿಗೆ ಬೊಫಾರುಲ್, ಸ್ಪೇನಿನ ಕತಲಾನ್ ನಾಡಿನ ಎಡಗೈಯವ, ನಡೆಯುವಾಗ ನೆಲ ಉಳುವಂತೆ ನಡೆಯುವವನು. ಸರ್ವ್ ಮಾಡಿದೆ, ಮರಳಿ ಬಂತು, ಹೊಡೆದೆ, ಬಂತು, ಹೊಡೆದೆ, ಆಮೇಲೆ ಅವನು ನನ್ನ ಎಡಗಡೆಗೆ ಜಾಡಿಸಿದ, ನಾನು ಓಡಲಿಲ್ಲ, ಓಡುವ ಅಗತ್ಯವಿರಲಿಲ್ಲ, ಚೆಂಡು ಗೆರೆಯಾಚೆ ಬೀಳುವುದನ್ನು ನಿಂತು ನೋಡಿದೆ, ಬಿತ್ತು, ಕೆಂಪು ಪುಡಿ ಎದ್ದಿತು, ಬಿಳಿ ಪುಡಿ ಏಳಲಿಲ್ಲ, ಇಂಥ ನೆಲದ ಮೇಲೆ ಬೆಳೆದವರಿಗೆ ಅಷ್ಟು ಸಾಕು. ಗೆರೆ ಕಾಯುವವನು ಮಾತ್ರ ಎರಡೂ ಅಂಗೈ ಕೆಳಗೆ ಚಾಚಿದ, ಒಳಗೆ ಎಂದು. ನಾನು ಬೆರಳೆತ್ತಿದೆ, ಬಂದು ಗುರುತು ನೋಡಿ ಎಂದು, ಇಟ್ಟಿಗೆ ಪುಡಿಯ ಅಂಗಣದಲ್ಲಿ ಅದೊಂದು ಹಕ್ಕು, ಅಂಪೈರ್ ಎತ್ತರದ ಕುರ್ಚಿಯಿಂದ ಇಳಿಯತೊಡಗಿದ. ನಾನು ಗೆರೆಯ ಹತ್ತಿರ ನಡೆದೆ, ಅಲ್ಲಿ ಎರಡು ಗುರುತು. ಒಂದು ಗೆರೆಯನ್ನು ತಾಗಿಕೊಂಡಿತ್ತು, ಅದು ಹಳೆಯದು, ಇದೇ ಗೇಮಿನಲ್ಲಿ ಹದಿನೈದು ಹದಿನೈದು ಆದಾಗ ಅವನು ಹೊಡೆದದ್ದು, ಒಳಗೆ ಬಿದ್ದದ್ದು, ನಿಜವಾಗಿ ಅವನದಾಗಿದ್ದ ಪಾಯಿಂಟು. ಇನ್ನೊಂದು ಹೊಸದು, ಗೆರೆಯಾಚೆ, ನಡುವೆ ಅಚ್ಚುಕಟ್ಟಾಗಿ ಒಂದು ಪಟ್ಟಿ ಕೆಂಪು ನೆಲ. ಮೂವತ್ತು ಸಲ, ಮುನ್ನೂರು ಸಲ, ಮೂರು ಸಾವಿರ ಸಲ ಮಾಡಿದ್ದನ್ನು ಕಾಲು ತಾನೇ ಮಾಡಿತು, ಹಳೆಯದನ್ನು ಅಳಿಸಿತು, ಅಂಪೈರಿಗೆ ಗೊಂದಲವಾಗಬಾರದೆಂದು, ನಮ್ಮ ಕ್ಲಬ್ಬಿನ ಅಂಗಣ ಕಾಯುವ ಮುದುಕ ಫಯೋಲ್ ಕಲಿಸಿದ ಹಾಗೆ, ಹಳೇ ಗುರುತು ಜಗಳದ ತಾಯಿ ಕಣೋ, ಪಾಯಿಂಟ್ ಮುಗಿದ ಕೂಡ್ಲೇ ಅಳಿಸಿಬಿಡು. ಪಾಯಿಂಟು ಕಳೆದ ಸಿಟ್ಟಿನಲ್ಲಿ ಹದಿನೈದು ಹದಿನೈದರಲ್ಲಿ ಅಳಿಸುವುದು ಮರೆತಿದ್ದೆ, ಮೂರು ಪಾಯಿಂಟಾದ ಮೇಲೆ ಕಾಲಿಗೆ ನೆನಪಾಯಿತು. ಆದರೆ ಆಟದ ನಿಯಮ ಏನು, ಅಂಪೈರ್ ನೋಡಲು ಬರುತ್ತಿರುವಾಗ ಗುರುತನ್ನು ಅಳಿಸಿದವನು ಪಾಯಿಂಟನ್ನು ಬಿಟ್ಟುಕೊಟ್ಟಂತೆ. ದೂರದಿಂದ ಅವರು ಕಂಡದ್ದು ಒಂದು ಬೂಟು, ಒಂದು ಗುರುತು, ಅಳಿಸುವಿಕೆ. ಯಾವ ಗುರುತು ಎಂದು ಕೇಳುವವರಾರು.

ಮೊದಲು ಯಾರೋ ಒಬ್ಬ ಚಪ್ಪಾಳೆ ಹೊಡೆದ, ನನ್ನ ಬಲಗಡೆಯ ಮೇಲಿನ ಸಾಲಿನಿಂದ, ಆಮೇಲೆ ಹದಿನೈದು ಸಾವಿರ ಜನ ಎದ್ದರು. ಎದ್ದರು ಎಂದರೆ ಅದು ಶಬ್ದವಲ್ಲ, ಅದು ಬಿಸಿ, ಮೈಗೆ ತಾಗುವ ಬಿಸಿ. ಅಂಪೈರಿನ ಒಂದು ಕಾಲು ಕೊನೆಯ ಮೆಟ್ಟಿಲಿನ ಮೇಲಿತ್ತು, ಅವನು ನನ್ನತ್ತ ನೋಡಿ ಮುಗುಳ್ನಕ್ಕ, ಮರಳಿ ಮೇಲೆ ಹತ್ತಿದ, ಡ್ಯೂಸ್ ಎಂದ. ನಾನು ಆಮೇಲೆ ಟೇಪು ಹಾಕಿ ಗಡಿಯಾರ ಹಿಡಿದು ಅಳೆದಿದ್ದೇನೆ, ನನ್ನ ಬೂಟು ನೆಲ ಬಿಟ್ಟ ಕ್ಷಣದಿಂದ ಅಂಪೈರಿನ ಬಾಯಿಂದ ಆ ಮಾತು ಬರುವವರೆಗೆ ಏಳು ಸೆಕೆಂಡು. ಏಳು ಸೆಕೆಂಡಿನಲ್ಲಿ ಮನುಷ್ಯ ಎಷ್ಟು ಮಾತಾಡಬಹುದು, ಇದಲ್ಲ ಹಳೇದು, ಅದು ಹೊಸದು, ನೋಡಿ — ಎರಡು ಸೆಕೆಂಡು ಸಾಕು, ಐದು ಉಳಿಯುತ್ತದೆ. ಗಂಟಲು ಒಣಗಿತ್ತು ಎಂದು ಒಂದು ವರ್ಷ ನನಗೇ ಹೇಳಿಕೊಂಡೆ, ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ ಎಂದು ಇನ್ನೊಂದು ವರ್ಷ. ನಿಜ ಏನೆಂದರೆ ಆ ಬಿಸಿ ಹಿತವಾಗಿತ್ತು. ಇಪ್ಪತ್ತಾರು ವರ್ಷದವರೆಗೆ ಯಾರೂ ನನಗಾಗಿ ಹಾಗೆ ಎದ್ದಿರಲಿಲ್ಲ, ಗೆದ್ದಾಗ ಕೂತೇ ತಟ್ಟಿದ್ದರು. ಆಮೇಲಿನದು ಬೇಗ ಮುಗಿಯಿತು, ಆ ಗೇಮು ಹೋಯಿತು, ಸೆಟ್ಟು ಹೋಯಿತು, ಐದನೆಯದು ಆರು ಎರಡು. ಹೊಸ ಗುರುತು ಮಾತ್ರ ಅಲ್ಲೇ ಇತ್ತು, ಅಡ್ವಾಂಟೇಜ್ ಅವನಿಗೆ ಎಂದಾಗಲೂ ಇತ್ತು, ನಾನು ಸರ್ವ್ ಮಾಡಲು ನಿಂತಲ್ಲಿಂದ ಓರೆಗಣ್ಣಿಗೆ ಕಾಣುತ್ತಿತ್ತು, ಕೊನೆಗೆ ಎಡಕ್ಕೆ ಜಾರಿ ಚೆಂಡು ಹೊಡೆಯುವಾಗ ನನ್ನದೇ ಬೂಟು ಅದರ ಮೇಲೆ ಹಾದುಹೋಯಿತು. ನೆಟ್ಟಿನ ಬಳಿ ಬೊಫಾರುಲ್ ನನ್ನ ಕುತ್ತಿಗೆ ಬಳಸಿ ಕಿವಿಯಲ್ಲಿ ಅಂದ, ಹುಚ್ಚ ಕಣಯ್ಯ ನೀನು, ಅದು ಹೊರಗಿತ್ತು. ಎಂದು ಹೇಳಿ ಬೆನ್ನು ತಟ್ಟಿ ಹೋದ, ಹೋದವನು ಸೆಮಿಫೈನಲ್ಲಿನಲ್ಲಿ ಮೂರೇ ಸೆಟ್ಟಿಗೆ ಮಕಾಡೆ ಮಲಗಿದ, ಕತ್ತೆ, ಗೆಲ್ಲಲಾಗದಿದ್ದರೆ ಆ ಪಾಯಿಂಟು ಇಟ್ಟುಕೊಂಡು ಏನು ಮಾಡಿದ.

ಮೊಸ್ಯೂ ಪೆರಾಶೋನ್, ಬೆಳಕು ಚೆನ್ನಾಗಿದೆ, ಒಂದ್ಸಲ ಆ ಗೆರೆ ಹತ್ರ ನಿಂತು ಅಳಿಸ್ತೀರಾ, ಸ್ವಲ್ಪ ನಿಧಾನಕ್ಕೆ — ಹಳದಿ ಮೈಕಿನ ಹುಡುಗಿ. ಆಮೇಲೆ ಅಳಿಸ್ತಾನಮ್ಮ, ಮೊದಲು ಫಲಕ, ಎನ್ನುತ್ತಾಳೆ ದ್ಯೂಪೆರೆ. ಫಲಕಕ್ಕೆ ನೀಲಿ ಬಟ್ಟೆ ಮುಚ್ಚಿದ್ದಾರೆ, ಒಳಗೇನಿದೆ ಎಂದು ನನಗೆ ಗೊತ್ತು, ಕರಡು ಕಳಿಸಿದ್ದಳು, ಲೂದೊವಿಕ್ ಪೆರಾಶೋನ್ ಅಂಗಣ, ಗೆಲುವಿಗಿಂತ ದೊಡ್ಡದನ್ನು ಆರಿಸಿಕೊಂಡವನಿಗೆ. ಆರಿಸಿಕೊಂಡವನು. ಹದಿನೈದು ದಿನದಿಂದ ಆ ಒಂದು ಪದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗಿದೆ, ನಾನು ಆರಿಸಿಕೊಂಡದ್ದು ಬ್ಯಾಕ್‌ಹ್ಯಾಂಡು, ದಿನಕ್ಕೆ ಆರುನೂರು, ಅದಕ್ಕೆ ಫಲಕವಿಲ್ಲ. ನೆಟ್ಟಿನ ಕಂಬದ ಪಕ್ಕ ಗಾಲಿಕುರ್ಚಿಯಲ್ಲಿ ಮುದುಕ ಫಯೋಲ್ ಕೂತಿದ್ದಾನೆ, ಎಂಬತ್ತೊಂಬತ್ತು, ತೊಡೆಯ ಮೇಲೆ ಊರುಗೋಲು, ತಲೆಗೆ ಅದೇ ಹುಲ್ಲಿನ ಟೋಪಿ, ಜನರ ಕಡೆ ನೋಡುತ್ತಿಲ್ಲ, ಅಂಗಣ ನೋಡುತ್ತಿದ್ದಾನೆ, ಯಾರು ನೆಲಕ್ಕೆ ಹೀಗೆ ಬಲೆ ಎಳೆದಿದ್ದು ಎನ್ನುವ ಮುಖ. ನಲವತ್ತು ವರ್ಷ ಈ ಆರು ಅಂಗಣ ಕಾಯ್ದವನು, ಮಾಬ್ಲಿಯ ಹಂಚಿನ ಕಾರ್ಖಾನೆಯಿಂದ ಒಡೆದ ಹಂಚು ತಂದು ತಾನೇ ಪುಡಿ ಮಾಡಿದವನು, ಮೇಲೆ ಎರಡು ಮಿಲಿಮೀಟರ್ ಪುಡಿ, ಹೆಚ್ಚಾದರೆ ಕಾಲು ಹೂಳುತ್ತದೆ, ಕಮ್ಮಿಯಾದರೆ ಗುರುತು ಕೂರುವುದಿಲ್ಲ, ಆಡಿದವನೇ ನೆಲ ಸಮ ಮಾಡುವ ಬಲೆ ಎಳೆಯಬೇಕು, ಹೊರಗಿನಿಂದ ಒಳಕ್ಕೆ ಸುತ್ತು ಸುತ್ತಾಗಿ, ಬಸವನಹುಳದ ಚಿಪ್ಪಿನ ಹಾಗೆ. ನಮಗೆ ಹತ್ತು ವರ್ಷವಾದಾಗ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿ ಗುರುತು ಓದಲು ಕಲಿಸುತ್ತಿದ್ದ, ಬಾಲ ಯಾವ ಕಡೆಗಿದೆ, ಚೆಂಡು ಎಲ್ಲಿಂದ ಬಂತು, ದುಂಡಗಿದ್ರೆ ಏನು, ಉದ್ದಕ್ಕಿದ್ರೆ ಏನು, ತಪ್ಪು ಹೇಳಿದರೆ ತಲೆಗೊಂದು ಮೊಟಕು. ಮನುಷ್ಯ ಹೇಳಿದ್ದನ್ನ ನಂಬಬೇಡ, ನೆಲ ಹೇಳಿದ್ದನ್ನ ನಂಬು. ಪ್ಯಾರಿಸ್ಸಿನಿಂದ ನಾನು ಬಂದಿಳಿದ ದಿನ ಸ್ಟೇಷನ್ನಿನಲ್ಲಿ ವಾದ್ಯ ಇತ್ತು, ಮೇಯರ್ ಇದ್ದ, ಹೂವಿತ್ತು, ಅಲ್ಲಿಂದ ಮೆರವಣಿಗೆಯಲ್ಲಿ ಇಲ್ಲಿಗೇ ತಂದರು, ಫಯೋಲ್ ನಾಲ್ಕನೆಯ ಅಂಗಣದಲ್ಲಿ ಬಲೆ ಎಳೆಯುತ್ತಿದ್ದ, ನಿಲ್ಲಿಸಲಿಲ್ಲ, ನಾನು ಬೇಲಿಯ ಹತ್ತಿರ ಹೋದೆ, ಸುತ್ತು ಮುಗಿಸಿಕೊಂಡು ನನ್ನ ಮುಂದೆ ಹಾಯುವಾಗ ಒಂದೇ ಮಾತು ಅಂದ. ಓದದೆ ಅಳಿಸಿದೆ. ಅಷ್ಟೇ. ಮುಂದಿನ ಸುತ್ತಿಗೆ ಹೋದ.

ಹದಿನೆಂಟು ವರ್ಷ ಆ ಮಾತಿನ ಮೇಲೆ ಇನ್ನೊಂದು ಮಾತು ಬಿದ್ದಿಲ್ಲ. ಇಡೀ ಫ್ರಾನ್ಸ್ ದೇಶಕ್ಕೆ ನಾನು ಸಂತ, ಆ ಒಬ್ಬನಿಗೆ ನಾನು ಗುರುತು ಓದದೆ ಅಳಿಸಿದ ಪೋಲಿ, ಚಪ್ಪಾಳೆಗಾಗಿ ನೆಲಕ್ಕೆ ಅವಮಾನ ಮಾಡಿದವನು, ಆ ಫೋಟೋವನ್ನು ಅವನು ತನ್ನ ಸಲಕರಣೆ ಕೋಣೆಗೆ ಬಿಟ್ಟುಕೊಳ್ಳಲಿಲ್ಲ, ನೋಡಲೂ ಇಲ್ಲವಂತೆ, ಟೀವಿಯಲ್ಲಿ ಬಂದರೆ ಎದ್ದು ಹೋಗುತ್ತಿದ್ದನಂತೆ. ನನಗೆ ಬೇಕಾಗಿದ್ದು ಅವನೊಬ್ಬನ ಒಪ್ಪಿಗೆ, ಸಿಕ್ಕಿದ್ದು ಉಳಿದ ಆರೂವರೆ ಕೋಟಿಯದು. ಆ ದಿನವೇ ಬೇಲಿಯ ಈಚೆಯಿಂದ ಕೂಗಬಹುದಿತ್ತು, ಓದಿದೆ, ಓದೇ ಅಳಿಸಿದೆ, ಅಳಿಸಿದ್ದು ಹಳೇದು, ನೀವು ಕಲಿಸಿದ್ದೇ. ಕೂಗಿದ್ದರೆ ಅವನು ಬಲೆ ನಿಲ್ಲಿಸಿ, ಹಾಗಾದ್ರೆ ನಿನ್ನ ಕೆಡಿಸಿದ್ದು ನಾನು ಅನ್ನು, ಎನ್ನುತ್ತಿದ್ದ, ಆ ಮುಖ ನೋಡುವ ಧೈರ್ಯವಿರಲಿಲ್ಲ ಎಂದುಕೊಳ್ಳುತ್ತೇನೆ, ಎಂದುಕೊಂಡರೆ ಚೆನ್ನಾಗಿ ಕಾಣುತ್ತೇನೆ, ಹಿಂದೆ ವಾದ್ಯ ನುಡಿಯುತ್ತಿತ್ತು ಎನ್ನುವುದೂ ಅಷ್ಟೇ ನಿಜ. ಮೂರು ವರ್ಷ ಬಿಟ್ಟು ಮೂರಿಯೆಲ್‌ಗೆ ಹೇಳಿದೆ, ಆಗ ನನ್ನ ಹೆಂಡತಿಯಾಗಿದ್ದವಳು, ಅವಳು ಪಾತ್ರೆ ಒರೆಸುತ್ತ ಕೇಳಿಸಿಕೊಂಡಳು, ಹೇಳೋದಿದ್ರೆ ಆವತ್ತೇ ಹೇಳ್ಬೇಕಿತ್ತು, ಈಗ ಹೇಳಿದ್ರೆ ಸೋತು ಹೊಟ್ಟೆ ಉರ್ಕೊಳ್ತಿದಾನೆ ಅಂತಾರೆ, ಪುಡಿಯವರು ಬೇರೆ ಇನ್ನೆರಡು ವರ್ಷ ಇದಾರೆ, ಸುಮ್ನಿರು, ಅವಳು ಹೇಳಿದ್ದು ಸರಿಯಾಗಿತ್ತು, ಅವಳು ಯಾವಾಗಲೂ ಸರಿಯಾಗಿಯೇ ಹೇಳುತ್ತಿದ್ದಳು, ಅದಕ್ಕೇ ಏನೋ ಬಿಟ್ಟು ಹೋದಳು. ಅವಳಿಗೆ ಹೇಳಿದ ರಾತ್ರಿಯಲ್ಲ, ಮಾರನೆಯ ದಿನ ಬೆಳಗ್ಗೆ, ಒಳ್ಳೆಯ ಬೆಳಕಿನಲ್ಲಿ, ಫೋಟೋವನ್ನು ಕಿಟಕಿಯ ಹತ್ತಿರ ಇಟ್ಟು ಉಕ್ಕಿನ ಅಳತೆಪಟ್ಟಿ ಮತ್ತು ಭೂತಗನ್ನಡಿ ಹಿಡಿದೆ. ಬದಿಯ ಗೆರೆಯ ಅಗಲ ನಿಜದಲ್ಲಿ ಐವತ್ತು ಮಿಲಿಮೀಟರ್, ಫೋಟೋದಲ್ಲಿ ಎಷ್ಟು, ಗೆರೆಯ ಅಂಚಿಂದ ಗುರುತಿನ ಅಂಚಿಗೆ ಎಷ್ಟು, ಎರಡೂ ಒಂದೇ ದಿಕ್ಕಿನಲ್ಲಿ, ಒಂದೇ ದೂರದಲ್ಲಿ, ಹಾಗಾಗಿ ಓರೆಯ ದೋಷವಿಲ್ಲ, ಸರಳ ಅನುಪಾತ. ಐದು ಸಲ ಅಳೆದೆ, ಸರಾಸರಿ ತೆಗೆದೆ. ಆ ಸಂಖ್ಯೆ ಅಂದಿನಿಂದ ನನ್ನ ಬಳಿ ಇದೆ, ದೂರವಾಣಿ ಸಂಖ್ಯೆಯ ಹಾಗೆ, ಕರೆ ಮಾಡಲು ಯಾರೂ ಇಲ್ಲದ ಸಂಖ್ಯೆ. ಸಾಕ್ಷಿ ಬಚ್ಚಿಟ್ಟಿಲ್ಲ, ಸುಟ್ಟಿಲ್ಲ, ಮಕ್ಕಳ ಎದೆಯ ಮೇಲಿದೆ, ಅಜ್ಜಿಯರ ಫ್ರಿಜ್ಜಿನ ಮೇಲಿದೆ, ನೀತಿಪಾಠದ ನಲವತ್ತೊಂದನೆಯ ಪುಟದಲ್ಲಿದೆ, ಬೂಟಿನಿಂದ ಒಂದು ಗೇಣು ಆಚೆ.

ನೀಲಿ ಬಟ್ಟೆ ಸರಿಯಿತು, ಚಪ್ಪಾಳೆ, ದ್ಯೂಪೆರೆ ನನ್ನ ಕೈಗೆ ಮೈಕು ತುರುಕಿದಳು, ಎರಡೇ ಮಾತು ಸಾಕು ಲೂದೊ, ವೈನು ಬಿಸಿಯಾಗ್ತಿದೆ. ಮೈಕು ತಣ್ಣಗಿದೆ. ಎದುರಿಗೆ ಇನ್ನೂರು ಮುಖ, ಮಕ್ಕಳ ಎದೆಯ ಮೇಲೆಲ್ಲ ಬೂಟು, ಹಿಂದೆ ಪಟ ಪಟಪಟ ಎನ್ನುತ್ತಿದೆ, ಇವತ್ತು ಹೇಳದಿದ್ದರೆ ಕಲ್ಲಿನಲ್ಲಿ ಕೆತ್ತಿದ್ದು ಕಲ್ಲಿನಲ್ಲೇ ಉಳಿಯುತ್ತದೆ, ಗಾಲಿಕುರ್ಚಿಯಲ್ಲಿ ಕೂತವನು ಮುಂದಿನ ಜೂನ್ ಕಾಣುವುದು ಅನುಮಾನ. ಹೇಳಿದೆ. ಎಷ್ಟು ಸುಲಭವಾಗಿ ಬಂತು, ವಿಳಾಸ ಹೇಳುವ ಹಾಗೆ ಹೇಳಿದೆ, ನಾನು ಏನನ್ನೂ ಬಿಟ್ಟುಕೊಡಲಿಲ್ಲ, ಆ ಚೆಂಡು ಹೊರಗಿತ್ತು, ನಾನು ಅಳಿಸಿದ್ದು ಹಳೆಯ ಗುರುತು, ಅಂಪೈರ್ ತಪ್ಪು ತಿಳಿದುಕೊಂಡ, ನೀವೂ ತಪ್ಪು ತಿಳಿದುಕೊಂಡಿರಿ, ನಾನು ಸುಮ್ಮನಿದ್ದೆ. ಒಂದು ಲೋಟ ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಪ್ರೀತಿಯಿಂದ ನಕ್ಕರು, ಅದೇ ಹಾಳು ಪ್ರೀತಿ, ನಗು ಮುಂದಿನ ಸಾಲಿಗೆ ಹರಿಯಿತು, ದ್ಯೂಪೆರೆ ಮೈಕಿನತ್ತ ಬಾಗಿ ಅಂದಳು, ನೋಡಿದ್ರಾ, ಇವತ್ತಿಗೂ ಹೊಗಳಿಕೆ ಬೇಡ ಅಂತಾನೆ, ಇದೇ ನೋಡಿ ನಮ್ಮ ಲೂದೊ, ಗೆದ್ದಿದ್ದನ್ನೂ ಅಳಿಸಿದ, ಈಗ ಅಳಿಸಿದ್ದನ್ನೂ ಅಳಿಸ್ತಿದಾನೆ. ಎದ್ದರು. ಇನ್ನೂರು ಜನವೂ ಎದ್ದರು. ಇಲ್ಲ, ಎಂದೆ, ಪಟ ನೋಡಿ, ಗೆರೆಯಾಚೆ ನೋಡಿ, ಅಲ್ಲೇ ಇದೆ, ಮೈಕು ಅವಳ ಕೈಗೆ ಹೋಗಿತ್ತು, ಈ ಸಲ ಏಳು ಸೆಕೆಂಡು ಪೂರ್ತಿ ಮಾತಾಡಿದೆ, ಒಂದು ಸೆಕೆಂಡೂ ಬಿಡದೆ, ಚಪ್ಪಾಳೆಯ ಅಡಿಯಲ್ಲಿ ನನ್ನ ಬಾಯಿ ಆಡುವುದು ಮಾತ್ರ ಕಂಡಿರಬೇಕು, ಬೆರಳು ತೋರಿಸಿದೆ, ಅವರು ಬೆರಳು ನೋಡಿದರು, ನನ್ನನ್ನು ನೋಡಿದರು, ಕೆಲವರು ಕಣ್ಣೊರೆಸಿಕೊಂಡರು, ಹಳದಿ ಮೈಕಿನ ಹುಡುಗಿ ಕ್ಯಾಮೆರಾದವನಿಗೆ ಸನ್ನೆ ಮಾಡಿದಳು, ಇದು ಸಿಕ್ತಾ, ಇದು ಸಿಕ್ತಾ. ಸಿಕ್ಕಿತು. ನಾಳೆ ಸಂಜೆ ಏಳರ ವಾರ್ತೆಯಲ್ಲಿ ಬರುತ್ತದೆ, ಸಂತನ ವಿನಯ. ಅಳಿಸಲಾಗದ್ದನ್ನು ಅಳಿಸುವ ಪುಡಿ ನನ್ನ ಬಳಿ ಇಲ್ಲ, ಕೈಗೆ ಸಿಕ್ಕವರನ್ನೆಲ್ಲ ಬಿಳಿಯಾಗಿಸುತ್ತ ಹೋಗುವ ಈ ಜನರ ಪ್ರೀತಿಯೇ ಆ ಪುಡಿ.

ಟಕ್ ಟಕ್ ಟಕ್, ನೆಟ್ಟಿನ ಕಂಬಕ್ಕೆ ಊರುಗೋಲು ಬಡಿಯುವ ಸದ್ದು, ಚಿಕ್ಕಂದಿನಲ್ಲಿ ಆ ಸದ್ದಿಗೆ ಆರೂ ಅಂಗಣದಲ್ಲಿ ಆಟ ನಿಲ್ಲುತ್ತಿತ್ತು, ಈಗ ನಾನೊಬ್ಬನೇ ತಿರುಗಿದೆ, ಉಳಿದವರು ಮೇಜಿನತ್ತ ಹೊರಟಿದ್ದರು. ಫಯೋಲ್ ಗದ್ದ ಎತ್ತಿ ಪಟದ ಕಡೆ ತೋರಿಸುತ್ತಿದ್ದಾನೆ. ತಳ್ಳು, ಎಂದ. ಕುರ್ಚಿಯ ಹಿಡಿ ಬಿಸಿಲಿಗೆ ಕಾದಿದೆ, ಗಾಲಿಗಳು ಇಟ್ಟಿಗೆ ಪುಡಿಯಲ್ಲಿ ಎರಡು ಗೆರೆ ಕೊರೆಯುತ್ತವೆ, ಮೆತ್ತಗೆ ಕಣೋ, ನೆಲ ಹಾಳಾಗುತ್ತೆ, ಎಷ್ಟು ಹಗುರವಾಗಿಬಿಟ್ಟಿದ್ದಾನೆ, ನೀರು ತುಂಬಿದ ಕಬ್ಬಿಣದ ರೋಲರನ್ನು ಒಬ್ಬನೇ ಎಳೆಯುತ್ತಿದ್ದವನು. ಮಾರ್ಚಿನಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರಂತೆ, ಎಲ್ಲ ಹೊಸದಾಗಿ ಕಾಣ್ತಿದೆ, ನನ್ನ ಕೈ ಇಷ್ಟು ಕೊಳಕು ಅಂತ ಗೊತ್ತಿರ್ಲಿಲ್ಲ, ಎಂದನಂತೆ ನರ್ಸಿಗೆ. ಪಟದ ಬುಡ ಅವನ ಎದೆಯ ಮಟ್ಟಕ್ಕಿದೆ, ನನ್ನ ದೊಡ್ಡ ಬೂಟು ಅವನ ಟೋಪಿಯ ಪಕ್ಕ. ಬಟ್ಟೆ ಉಬ್ಬಿತು, ಅವನು ಊರುಗೋಲಿನ ತುದಿಯಿಂದ ಒತ್ತಿ ಹಿಡಿದ, ಮುಖ ಹತ್ತಿರ ತಂದ, ಮೂಗು ತಾಗುವಷ್ಟು. ಮೊದಲು ಬೂಟಿನ ಅಡಿ ನೋಡಿದ, ಸವರಿದ ಪುಡಿಯನ್ನು, ಗೆರೆಗೆ ತಾಗಿ ಉಳಿದಿರುವ ಅರೆ ಬಾಲವನ್ನು. ಆಮೇಲೆ ಗೆರೆ ದಾಟಿದ. ಅಲ್ಲಿ ನಿಂತ. ನಾನು ಕುರ್ಚಿಯ ಹಿಂದೆ, ಅವನ ಮುಖ ಕಾಣುವುದಿಲ್ಲ, ಕತ್ತಿನ ಸುಕ್ಕು ಮಾತ್ರ, ಸುಕ್ಕಿನ ಒಳಗೆ ಇನ್ನೂ ಕೆಂಪು ಪುಡಿ ಇದೆ, ನಲವತ್ತು ವರ್ಷದ್ದು, ಅದು ಹೋಗುವುದಿಲ್ಲ ಎನಿಸುತ್ತದೆ. ಬಾಲ ಹೊರಗಡೆಗಿದೆ, ಎಂದ, ನನಗಲ್ಲ, ತನಗೇ. ಎಡಗೈಯವನ ಹೊಡೆತ. ಆಮೇಲೆ, ಇದು ಹೊಸದು. ಹಿಂದೆ ಮೇಜಿನ ಬಳಿ ನಗು, ತಟ್ಟೆ, ಯಾರೋ ನನ್ನ ಹೆಸರು ಕೂಗುತ್ತಿದ್ದಾರೆ, ಲೂದೊ ಬಾ, ಬ್ರಿಯೋಶ್ ಮುಗೀತಿದೆ.

ಹಳೇದ್ಯಾವಾಗಿಂದು, ಎಂದು ಕೇಳಿದ. ಅದೇ ಗೇಮು, ಹದಿನೈದು ಹದಿನೈದು, ಎಂದೆ, ನನ್ನ ದನಿ ಹತ್ತು ವರ್ಷದವನದಾಗಿತ್ತು. ಆವಾಗ್ಲೇ ಅಳಿಸ್ಬೇಕಿತ್ತು, ಕತ್ತೆ, ಎಂದ, ಕೂಡ್ಲೇ ಅಂತ ಹೇಳಿಕೊಟ್ಟಿದ್ದೆ, ಮೂರು ಪಾಯಿಂಟ್ ಬಿಟ್ಟು ಅಂತ ಅಲ್ಲ. ಮೊಟಕಲು ಕೈ ಎತ್ತಿದ, ಹಿಂದಕ್ಕೆ ನನ್ನ ತಲೆಯವರೆಗೆ ಅದು ಬರಲಿಲ್ಲ, ನಾನು ಬಾಗಿದೆ, ಆಗ ತಾಗಿತು, ಬೆರಳ ಗೆಣ್ಣು ಕಲ್ಲಿನಷ್ಟೇ ಗಟ್ಟಿ. ಆ ಕೈಯನ್ನು ಮತ್ತೆ ಪಟಕ್ಕೆ ಒಯ್ದ, ಗೆರೆಯ ಬಿಳಿ ಅಂಚಿಗೂ ಅದರ ಅಂಚಿಗೂ ನಡುವೆ ಬೆರಳುಗಳನ್ನು ಜೋಡಿಸಿ ಇಟ್ಟ, ಒಂದು, ಎರಡು, ಮೂರು, ನಾಲ್ಕು, ಸರಿಯಾಗಿ ಕೂತವು, ಬಟ್ಟೆ ಉಸಿರಾಡುವ ಹಾಗೆ ಅವನ ಬೆರಳಿನ ಅಡಿಯಲ್ಲಿ ಉಬ್ಬಲು ನೋಡಿತು, ಅವನು ಬಿಡಲಿಲ್ಲ, ಬೆರಳುಗಳ ಆಚೆಗೆ ಅದು, ಮೊಟ್ಟೆಯಾಕಾರದ ಅದು, ಯಾರೂ ಓದದ ಅದು, ಪ್ಯಾರಿಸ್ಸಿನಲ್ಲಿ ಅಂದೇ ನನ್ನದೇ ಬೂಟಿನಡಿ ಅಳಿದುಹೋದ, ಇಲ್ಲಿ ಮಾತ್ರ ಉಳಿದ ಅದು. ಇದು ಎರಡರಷ್ಟು ದೊಡ್ಡದು ಅಂದ್ನಲ್ಲ ಮುದ್ರಣದವನು, ಎಂದ ಫಯೋಲ್, ಕಣ್ಣು ತೆಗೆಯದೆ. ಹೌದು. ನಿಜವಾಗಿ ಎಷ್ಟು?

ಮೂವತ್ತನಾಲ್ಕು ಮಿಲಿಮೀಟರ್.